ಬ್ಯಾಡಗಿ ಮೂಗು

ನನಗೆ ಸಿಟ್ಟು ಬರಲು ಒಂದೇ ಮಾತು ಸಾಕು. ನನ್ನ ಕೆಲಸಕ್ಕೆ ಯಾರಾದರೂ ‘ಬಣ್ಣ ಹೊಡೆಯೋದು’ ಅಂದರೆ ಮುಗಿಯಿತು, ಎದುರಿಗೆ ಗಿರಾಕಿ ನಿಂತಿದ್ದಾನೆ ಅನ್ನುವುದೂ ಮರೆತು ಜಗಳಕ್ಕೆ ನಿಲ್ಲುತ್ತೇನೆ. ಬಣ್ಣ ಹೊಡೆಯುವವರ ಮೇಲೆ ನನಗೇನೂ ಹಗೆ ಇಲ್ಲ, ಅವರದೂ ದುಡಿಮೆಯೇ. ಆದರೆ ನಾನು ಹೊಡೆಯುವುದು ಲೋಹ ಸ್ವಾಮಿ, ಲೋಹ! ಉಕ್ಕಿನ ತಂತಿಯನ್ನು ಗನ್ನಿನ ಬೆಂಕಿಯಲ್ಲಿ ಕರಗಿಸಿ, ಗಾಳಿಯ ಒತ್ತಡದಿಂದ ಸಣ್ಣ ಸಣ್ಣ ಹನಿ ಮಾಡಿ, ಸವೆದುಹೋದ ಶಾಫ್ಟಿನ ಮೇಲೆ ಸಿಂಪಡಿಸುತ್ತೇನೆ. ಆ ಹನಿಗಳು ಬಡಿದು ಚಪ್ಪಟೆಯಾಗಿ ಒಂದರ ಮೇಲೊಂದು ಕೂತು ಹೊಸ ಮೈ ಕಟ್ಟುತ್ತವೆ. ಆಮೇಲೆ ಲೇತಿಗೆ ಹಾಕಿ ಅಳತೆಗೆ ತಂದರೆ ಸವೆದ ಶಾಫ್ಟು ಮೊದಲಿನ ದಪ್ಪಕ್ಕೆ ಬರುತ್ತದೆ, ಮೊದಲಿಗಿಂತ ಹೆಚ್ಚು ದಿನ ಬಾಳುತ್ತದೆ. ಇಷ್ಟನ್ನೂ ನಾನು ಬಂದವರಿಗೆಲ್ಲ ಹೇಳುತ್ತೇನೆ. ಕೇಳುವವರು ಹೂಂ ಹೂಂ ಅಂದು, ಕೊನೆಗೆ, “ಅಂದ್ರ ಬಣ್ಣದಂಗ ಅನ್ನು” ಅನ್ನುತ್ತಾರೆ.

ನನ್ನ ಹೆಸರು ಶಂಭುಲಿಂಗ. ಕುಮಾರಪಟ್ಟಣದ ಹೊಳೆದಂಡೆಯ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಪಂಪು ರಿಪೇರಿ ಮಾಡಿದೆ. ಅಲ್ಲಿ ಈ ವಿದ್ಯೆ ಕಲಿತು, ಎರಡು ಸಾವಿರದ ಐದರಲ್ಲಿ ಕೆಲಸ ಬಿಟ್ಟು ರಾಣೆಬೆನ್ನೂರಿನ ಪಿ.ಬಿ. ರಸ್ತೆಯಲ್ಲಿ ಸ್ವಂತ ಅಂಗಡಿ ಇಟ್ಟೆ. ನನ್ನ ಅಣ್ಣನಿಗೆ ಬೋರ್‌ವೆಲ್ ಪೈಪುಗಳ ದೊಡ್ಡ ಅಂಗಡಿ ಇದೆ. “ನಿನಗ ಒಂದು ಕುರ್ಚಿ ಇಟ್ಟೇನಿ, ಆ ಬೆಂಕಿ ಆಟ ಸಾಕಾದಾಗ ಬಾ” ಅಂತ ಸಿಕ್ಕಾಗಲೆಲ್ಲ ಹೇಳುತ್ತಾನೆ. ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾನೆ. ಅದಕ್ಕೇ ನನಗೆ ಇನ್ನೂ ಉರಿಯುತ್ತದೆ.

ಹುಟ್ಟಿದ್ದು ಮಾತ್ರ ಬ್ಯಾಡಗಿಯಲ್ಲಿ. ಮೆಣಸಿನಕಾಯಿ ಪೇಟೆಗೆ ಅಂಟಿದ ಓಣಿ ನಮ್ಮದು. ಸುಗ್ಗಿಯಲ್ಲಿ ಓಣಿಯ ತುಂಬ ಕೆಂಪು ರಾಶಿ, ಹಿಂದೆ ಖಾರ ಕುಟ್ಟುವ ಗಿರಣಿಗಳು, ಗಾಳಿಯಲ್ಲೆಲ್ಲ ಘಾಟು. ಬೇರೆ ಊರಿನಿಂದ ಬಂದ ಬೀಗರು ಬಸ್ಸು ಇಳಿದ ಕೂಡಲೇ ಸೀನುತ್ತಿದ್ದರು, ಕೆಮ್ಮುತ್ತಿದ್ದರು. ನಾವು ಹುಡುಗರು ಸಾಲಾಗಿ ನಿಂತು ಅವರ ಸೀನು ಎಣಿಸಿ ನಗುತ್ತಿದ್ದೆವು. ನಮಗೆ ಏನೂ ಆಗುತ್ತಿರಲಿಲ್ಲ. ಒಲೆಯ ಮೇಲೆ ಮೆಣಸಿನಕಾಯಿ ಸುಟ್ಟರೂ ಬ್ಯಾಡಗಿಯವನ ಕಣ್ಣಲ್ಲಿ ಒಂದು ಹನಿ ನೀರು ಬರುವುದಿಲ್ಲ. ‘ನಂದು ಬ್ಯಾಡಗಿ ಮೂಗು’ ಅಂತ ನಾನು ಎಷ್ಟು ಕಡೆ ಜಂಬ ಕೊಚ್ಚಿದ್ದೇನೋ ಲೆಕ್ಕವಿಲ್ಲ.

ಅದೇ ಓಣಿಯ ಗದಿಗೆವ್ವ ನನ್ನ ಮೊದಲ ಬ್ಯಾಡಗಿ ಗಿರಾಕಿ. ವಯಸ್ಸು ಅರವತ್ತರ ಹತ್ತಿರ. ಖಾರ ಕುಟ್ಟುವ ಗಿರಣಿ ಅವಳದು. ಅವಳ ಗಂಡ ಗಲ್ಲೆಯ ಮೇಲೆ ಕೂತು ಬಂದವರಿಗೆ ನಮಸ್ಕಾರ ಮಾಡುತ್ತಾನೆ, ಮಾತೆಲ್ಲ ಇವಳದೇ. ಚಿಕ್ಕವನಿದ್ದಾಗ ನನ್ನನ್ನು ಎತ್ತಿ ಆಡಿಸಿದವಳು, ನಾನು ಅವಳಿಗೆ ಅತ್ತಿ ಅನ್ನುತ್ತೇನೆ. ಅವಳ ಗಿರಣಿಯಲ್ಲಿ ಸಾಲಾಗಿ ಕಬ್ಬಿಣದ ಒನಕೆಗಳಿವೆ. ಅವನ್ನು ಎತ್ತಿ ಎತ್ತಿ ಬಿಡುವ ಒಂದು ಉದ್ದ ಶಾಫ್ಟು ಇದೆ. ಆ ಶಾಫ್ಟಿನ ಎರಡೂ ತುದಿಗೆ ಬೀಡುಕಬ್ಬಿಣದ ಕೊಳವೆಯಂಥ ತೊಡಿಗೆ, ಸ್ಲೀವು ಅನ್ನುತ್ತೇವೆ. ಸವೆಯುವುದು ಇದೇ ಸ್ಲೀವು. ಮೆಣಸಿನಕಾಯಿ ನೆಲದ ಮೇಲೆ ಒಣಗುತ್ತದೆ, ಅದಕ್ಕೆ ನುಣ್ಣನೆಯ ಮಣ್ಣು ಹತ್ತಿರುತ್ತದೆ. ಕುಟ್ಟುವಾಗ ಬಣ್ಣ ಏರಲಿ ಅಂತ ಎಣ್ಣೆ ಸವರುತ್ತಾರೆ. ಎಣ್ಣೆ, ಮಣ್ಣು, ಖಾರ ಮೂರೂ ಸೇರಿ ಗಸಿಯಾಗಿ ಸ್ಲೀವಿನ ಸಂದಿಗೆ ಇಳಿದರೆ ಉಜ್ಜುಕಾಗದ ಹಾಕಿ ತಿಕ್ಕಿದ ಹಾಗೆ. ವರ್ಷಕ್ಕೆ ಎರಡು ಸಲ ಸ್ಲೀವು ಬದಲಾಯಿಸಬೇಕು, ಅದೂ ಸುಗ್ಗಿಯ ನಟ್ಟನಡುವೆ. ಬ್ಯಾಡಗಿಯ ಎಲ್ಲ ಗಿರಣಿಗಳದೂ ಇದೇ ಕಥೆ. ನನ್ನ ಲೋಹ ಅಲ್ಲಿ ಒಂದು ಸುಗ್ಗಿ ನಿಂತಿತೆಂದರೆ ನನ್ನ ಅಂಗಡಿಯೂ ನಿಂತಿತು. ಅದನ್ನೇ ನಂಬಿ ಕೆಲಸ ಬಿಟ್ಟಿದ್ದೆ.

ಎರಡು ಸಾವಿರದ ಆರರ ಅಕ್ಟೋಬರಿನಲ್ಲಿ ಅವಳ ಸ್ಲೀವಿಗೆ ಮೊದಲ ಸಲ ಲೋಹ ಹೊಡೆದು ಕೊಟ್ಟೆ. ಒಂಬತ್ತೇ ದಿನ. ಹತ್ತನೆಯ ದಿನ ಹಪ್ಪಳದ ಹಾಗೆ ಎದ್ದು ಬಂತು. ಎರಡನೆಯ ಸಲ ಇನ್ನೂ ಜತನವಾಗಿ ಮಾಡಿಕೊಟ್ಟೆ. ಅದು ಆರು ದಿನ.

ನವೆಂಬರಿನ ಒಂದು ಬೆಳಿಗ್ಗೆ ಗದಿಗೆವ್ವ ಟೆಂಪೋದಲ್ಲಿ ಆ ಸ್ಲೀವುಗಳನ್ನು ಹೇರಿಕೊಂಡು ಬಂದು ನನ್ನ ಅಂಗಡಿಯ ಮುಂದೆ ಇಳಿಸಿದಳು. ಸೆರಗಿನಲ್ಲಿ ಕಟ್ಟಿಕೊಂಡಿದ್ದ ಚಕ್ಕೆಗಳನ್ನು ಮೇಜಿನ ಮೇಲೆ ಸುರಿದಳು.

“ತೊಗೋ ನಿನ್ನ ಬಣ್ಣ” ಅಂದಳು.

“ಅತ್ತಿ, ಅದು ಬಣ್ಣ ಅಲ್ಲ, ಎಷ್ಟು ಸಲ ಹೇಳಬೇಕು!”

“ಬಣ್ಣರ ಮಳಿಗಾಲ ತಡೀತೈತೋ ತಮ್ಮಾ. ನಮ್ಮ ಗ್ವಾಡಿಗೆ ಹಚ್ಚಿದ ಸುಣ್ಣ ಮೂರು ವರ್ಷ ನಿಂತೈತಿ. ಇದು ಆರು ದಿನಾ ನಿಲ್ಲವಲ್ದು.”

ಪಕ್ಕದಲ್ಲಿ ಲೇತಿನ ಉಡಚಪ್ಪ ನಕ್ಕುಬಿಟ್ಟ. ಉಡಚಪ್ಪ ನನ್ನ ಜೊತೆಗಾರ, ನನಗಿಂತ ಹತ್ತು ವರ್ಷ ದೊಡ್ಡವನು, ಲೇತಿನ ಮುಂದೆ ನಿಂತರೆ ಕೂದಲೆಳೆಯ ಅಳತೆ ತಪ್ಪುವುದಿಲ್ಲ. ಅವನಿಗೆ ಒಂದೇ ಚಟ, ತಪಕೀರು. ಗಂಟೆಗೊಮ್ಮೆ ಡಬ್ಬಿ ತೆಗೆದು ಎರಡೂ ಮೂಗಿಗೆ ನಶ್ಯ ತುರುಕದಿದ್ದರೆ ಅವನ ಕೈ ಓಡುವುದಿಲ್ಲ.

ನಾನು ಅವನನ್ನು ಕಣ್ಣಲ್ಲೇ ಗದರಿಸಿ ಗದಿಗೆವ್ವನ ಕಡೆ ತಿರುಗಿದೆ. “ಇನ್ನೊಂದು ಸಲ ಮಾಡಿಕೊಡ್ತೇನಿ ಅತ್ತಿ.”

“ಇನ್ನೊಂದ ಸಲ,” ಅವಳು ಬೆರಳು ಎತ್ತಿದಳು. “ಜನವರಿಗೆ ಮಾಲು ಬರಾಕ ಸುರುವಾಗತೈತಿ, ನಂಗ ಗಿರಣಿ ಓಡಬೇಕು. ಇದೂ ಎದ್ದಿತಂದ್ರ ಹೊಸಾ ಸ್ಲೀವು ಹಾಕಸ್ತೇನಿ. ಪ್ಯಾಟ್ಯಾಗ ಯಾರರ ಕೇಳಿದ್ರ ಇದ್ದದ್ದು ಇದ್ದಂಗ ಹೇಳ್ತೇನಿ. ನಿನ್ನ ಎತ್ತಿ ಆಡಿಸೇನಿ ಅಂತ ಸುಳ್ಳು ಹೇಳಾಕ ಆಗಂಗಿಲ್ಲ.”

ಅವಳು ಹೋದ ಮೇಲೆ ನಾನು ಆ ಚಕ್ಕೆಗಳ ಮುಂದೆ ಕೂತೆ. ಬ್ಯಾಡಗಿ ಪೇಟೆಯಲ್ಲಿ ಗದಿಗೆವ್ವ ಒಂದು ಮಾತು ಆಡಿದರೆ ಸಂಜೆಯೊಳಗೆ ಎಲ್ಲ ಗಿರಣಿಗೂ ಮುಟ್ಟುತ್ತದೆ. ಈ ಸಲವೂ ಎದ್ದು ಬಂದರೆ ಗನ್ನನ್ನು ಪೆಟ್ಟಿಗೆಯಲ್ಲಿಟ್ಟು ಅಣ್ಣನ ಕುರ್ಚಿಯಲ್ಲಿ ಹೋಗಿ ಕೂರುವುದು, ಬೇರೆ ದಾರಿ ಇಲ್ಲ. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡ ಕೂಡಲೇ ಎದ್ದು, “ಎದ್ದು ಬರಾಕ ನಾ ಬಿಟ್ರ ಅಲ್ಲ!” ಅಂತ ಜೋರಾಗಿಯೇ ಅಂದೆ. ಉಡಚಪ್ಪ ತಿರುಗಿ ನೋಡಿ, “ಯಾರ ಜೋಡಿ ಜಗಳಾ ಮಾಡಾಕತ್ತೀ?” ಅಂದ.

ಮೊದಲು ನನ್ನ ಲೋಹವನ್ನೇ ಪರೀಕ್ಷೆಗೆ ಹಚ್ಚಿದೆ. ದೊಡ್ಡ ಕಾಲೇಜುಗಳಲ್ಲಿ ಇದಕ್ಕೆಂದೇ ಯಂತ್ರಗಳಿವೆಯಂತೆ. ನನ್ನ ಹತ್ತಿರ ಇದ್ದದ್ದು ಒಂದು ಹಳೆಯ ಡ್ರಿಲ್ಲಿಂಗ್ ಮಷೀನು. ಅದಕ್ಕೆ ತಿರುಗುವ ಉಕ್ಕಿನ ತಟ್ಟೆ ಕಟ್ಟಿದೆ. ಹೆಬ್ಬೆರಳಷ್ಟು ದಪ್ಪದ ಬೀಡುಕಬ್ಬಿಣದ ತುಂಡನ್ನು ಸನ್ನೆಗೋಲಿನಿಂದ ಅದರ ಮೇಲೆ ಒತ್ತಿ, ಕೋಲಿನ ತುದಿಗೆ ಐದು ಕೆಜಿ ಕಲ್ಲು ತೂಗಿಬಿಟ್ಟೆ. ತಟ್ಟೆಯ ಮೇಲೆ ಗದಿಗೆವ್ವನ ಗಿರಣಿಯದೇ ಎಣ್ಣೆ ಬೆರೆತ ಖಾರದ ಗಸಿ ಸವರಿದೆ. ಬರಿಯ ಬೀಡಿನ ತುಂಡು ಎರಡು ತಾಸು, ಲೋಹ ಹೊಡೆದ ತುಂಡು ಎರಡು ತಾಸು. ಬರಿಯದು ಕಿರ್ರೆಂದು ಕಿರುಚುತ್ತ ಕೈ ಇಡಲಾಗದಷ್ಟು ಕಾದಿತು. ಲೋಹ ಹೊಡೆದದ್ದು ಸದ್ದಿಲ್ಲದೆ ತಿರುಗಿತು. ಸಿಂಪಡಿಸಿದ ಲೋಹದ ಮೈಯಲ್ಲಿ ಕಣ್ಣಿಗೆ ಕಾಣದ ತೂತುಗಳಿರುತ್ತವೆ. ಅವು ಎಣ್ಣೆಯನ್ನು ಹಿಡಿದಿಟ್ಟುಕೊಂಡು ತಿಕ್ಕಾಟದ ಬಿಸಿಯನ್ನು ತಗ್ಗಿಸುತ್ತವೆ.

ತುಂಡುಗಳನ್ನು ತೂಗಲು ಪತ್ತಾರ ಕರಬಸಪ್ಪನ ಅಂಗಡಿಗೆ ಹೋದೆ. ಊರಲ್ಲಿ ಅಷ್ಟು ಸೂಕ್ಷ್ಮವಾದ ತಕ್ಕಡಿ ಇರುವುದು ಬಂಗಾರದ ಅಂಗಡಿಯಲ್ಲೇ.

“ಮಂದಿ ಬಂಗಾರ ತೂಗಿಸಾಕ ಬರ್ತಾರ, ನೀ ಕಬ್ಬಿಣ ಎಷ್ಟು ಕಳಕೊಂಡೆ ಅಂತ ತೂಗಿಸಾಕ ಬರ್ತೀಯಲ್ಲೋ ಮಾರಾಯಾ” ಅಂತ ಕರಬಸಪ್ಪ ಗೊಣಗಿದ. ಗೊಣಗುತ್ತಲೇ ತೂಗಿದ.

ಬರಿಯ ಬೀಡು ನೂರ ನಲವತ್ತೆಂಟು ಮಿಲಿಗ್ರಾಂ ಸವೆದಿತ್ತು. ನನ್ನ ಲೋಹ ಹದಿಮೂರು. ಮೂರು ದಿನ ಮೂರು ಸಲ ಮಾಡಿದೆ, ಹೆಚ್ಚುಕಡಿಮೆ ಅದೇ ಉತ್ತರ.

ನನ್ನ ತಲೆ ಇನ್ನೂ ಕೆಟ್ಟಿತು. ನನ್ನ ಮೇಜಿನ ಮೇಲೆ ಹತ್ತು ಪಟ್ಟು ಬಾಳುವ ಲೋಹ ಅವಳ ಗಿರಣಿಯಲ್ಲಿ ಆರು ದಿನ ಬಾಳುವುದಿಲ್ಲ ಅಂದರೆ ಏನರ್ಥ? ಬ್ಯಾಡಗಿಗೆ ಹೋಗಿ ಗಿರಣಿ ನೋಡಿದೆ. ಶಾಫ್ಟು ನೆಟ್ಟಗಿತ್ತು, ಸಂದಿ ಸರಿಯಾಗಿತ್ತು, ತಪ್ಪು ಹುಡುಕಲು ಒಂದು ಬೋಲ್ಟೂ ಸಡಿಲಿರಲಿಲ್ಲ. ವಾಪಸು ಬಂದು ಗದಿಗೆವ್ವ ಸುರಿದುಹೋಗಿದ್ದ ಚಕ್ಕೆಗಳನ್ನು ಅಳೆದೆ. ಅಲ್ಲೇ ಒಂದು ವಿಷಯ ತಿಳಿಯಿತು. ಚಕ್ಕೆಗಳ ದಪ್ಪ ನಾನು ಹೊಡೆದಷ್ಟೇ ಇತ್ತು, ಕೂದಲಷ್ಟೂ ಕಡಿಮೆಯಾಗಿರಲಿಲ್ಲ.

“ಉಡಚಪ್ಪಣ್ಣಾ, ಇದು ಸವೆದಿಲ್ಲ. ಎದ್ದೈತಿ” ಅಂದೆ.

“ಎರಡೂ ಒಂದ ಅಲ್ಲೇನು? ಹೋದದ್ದಂತೂ ಹೋತು.”

“ಒಂದ ಅಲ್ಲ. ಸವೆದ್ರ ಲೋಹದ ತಪ್ಪು. ಎದ್ರ ಕೆಳಗಿನ ಮೈ ಅದನ್ನ ಹಿಡಕೊಂಡಿಲ್ಲ, ಅದು ನನ್ನ ತಪ್ಪು.”

ಉಡಚಪ್ಪ ಒಂದು ಚಕ್ಕೆಯನ್ನು ತಿರುಗಿಸಿ ನೋಡಿದ. ಒಳಮೈ ಅಲ್ಲಲ್ಲಿ ಕೆಂಪಾಗಿತ್ತು. “ತುಕ್ಕು ಹಿಡದೈತಿ ನೋಡು” ಅಂದ. ನನಗೂ ತುಕ್ಕೇ ಅನ್ನಿಸಿತು. ಹೊಡೆಯುವ ಮುಂಚೆ ಸ್ಲೀವಿನ ಮೈಗೆ ಒತ್ತಡದಿಂದ ಮರಳು ಬಡಿದು ತರಿ ಮಾಡುತ್ತೇವೆ, ಲೋಹ ಆ ತರಿಯನ್ನು ಕಚ್ಚಿಕೊಂಡು ನಿಲ್ಲಲಿ ಅಂತ. ಮರಳು ಬಡಿದ ಮೇಲೆ ತಡಮಾಡಿದರೆ ತುಕ್ಕು ಹತ್ತುತ್ತದೆ. ಸರಿ, ಈ ಸಲ ಮರಳು ಬಡಿದ ಗಳಿಗೆಯಲ್ಲೇ ಹೊಡೆದರಾಯಿತು. ಅಷ್ಟಕ್ಕೇ ನಿಲ್ಲಿಸಿದ್ದರೆ ಮೂರನೆಯದೂ ಎದ್ದು ಬರುತ್ತಿತ್ತು, ನಾನು ಇಷ್ಟು ಹೊತ್ತಿಗೆ ಪೈಪು ಮಾರುತ್ತಿದ್ದೆ.

ಉಳಿಸಿದವಳು ರಹಿಮತಬಿ. ಉಳಿಸಿದವಳು ಅಂತ ಈಗ ಹೇಳುತ್ತೇನೆ, ಆಗ ಅವಳ ಮುಖ ಕಂಡರೆ ನನಗಾಗುತ್ತಿರಲಿಲ್ಲ. ನನ್ನ ಪಕ್ಕದ ಮಳಿಗೆಯಲ್ಲಿ ಅವಳು ಗಾದಿ, ತಲೆದಿಂಬು ಹೊಲಿಯುತ್ತಾಳೆ. ನನಗಿಂತ ಹಿರಿಯಳು, ಊರು ಐರಣಿ. ಅಕ್ಟೋಬರಿನಲ್ಲಿ ಒಂದು ದಿನ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದು, “ತಮ್ಮಾ, ಏನ್ ಒಗ್ಗರಣಿ ಹಾಕಾಕತ್ತೀರಿ? ಘಾಟಿಗೆ ಕುಂದ್ರಾಕ ಆಗವಲ್ದು” ಅಂದಿದ್ದಳು. ಇದು ಕಬ್ಬಿಣದ ಅಂಗಡಿ, ಅಡುಗೆಮನೆ ಅಲ್ಲ ಅಂತ ನಗೆಯಾಡಿ ಕಳಿಸಿದ್ದೆ. ನವೆಂಬರಿನ ಮೊದಲ ವಾರ ಮತ್ತೆ ಬಂದಳು, ಕೆಮ್ಮುತ್ತಲೇ ಬಂದಳು. ಆಗ ನಾನು ನಗಲಿಲ್ಲ. “ಗಾದ್ಯಾಗಿನ ಅರಳಿ ಧೂಳಾ ನಿಮ್ಮ ಗಂಟಲದಾಗ ಹೋಗತೈತಿ, ನನ್ನ ಮ್ಯಾಲ ಯಾಕ ಹಾಕ್ತೀರಿ? ನಿಮ್ಮದೊಂದ ಮೂಗೇನು ಈ ರಸ್ತೆದಾಗ?” ಅಂತ ಕೂಗಾಡಿದೆ. ಅಷ್ಟು ಸಾಲದೆ ಮರುದಿನ ಎರಡೂ ಮಳಿಗೆಗಳ ನಡುವಿನ ಕಟ್ಟೆಯ ಮೇಲೆ ತಗಡಿನ ಗೋಡೆ ನಿಲ್ಲಿಸಿಬಿಟ್ಟೆ. ಅದರಿಂದ ಅವಳ ಮಳಿಗೆಗೆ ಬೆಳಗಿನ ಬಿಸಿಲೂ ಹೋಯಿತು. ಅವಳು ಅದನ್ನು ನೋಡಿ, ಹೊಲಿಗೆ ಮಶೀನನ್ನು ಬಾಗಿಲ ಹತ್ತಿರ ಎಳೆದುಕೊಂಡಳು.

ಮೂರನೆಯ ಸಲದ ಕೆಲಸಕ್ಕೆ, ಸ್ಲೀವಿನ ಮೇಲೆ ಉಳಿದಿದ್ದ ಹಳೆಯ ಲೋಹ ಕಿತ್ತುಹಾಕಬೇಕಿತ್ತು. ಗ್ಯಾಸಿನ ಬೆಂಕಿ ಹಿಡಿದು ಕಾಯಿಸುತ್ತಿದ್ದೆ. ತಗಡಿನ ಆಚೆಯಿಂದ ಕೆಮ್ಮು ಶುರುವಾಯಿತು. ಒಂದಲ್ಲ ಎರಡಲ್ಲ. ಆಮೇಲೆ ತಗಡಿಗೆ ಯಾರೋ ಕತ್ತರಿಯಿಂದ ಕುಟ್ಟಿದರು.

ನಾನು ಬೆಂಕಿ ಆರಿಸಿ ನೆಟ್ಟಗೆ ಅವಳ ಮಳಿಗೆಗೆ ನುಗ್ಗಿದೆ. “ಬರ್ರಿ! ಈಗಿಂದೀಗ ಬರ್ರಿ! ನನ್ನ ಅಂಗಡ್ಯಾಗ ಒಂದ ಒಂದು ಮೆಣಸಿನಕಾಯಿ ತೋರಸ್ರಿ, ನಾ ಇವತ್ತ ಬಾಗಲಾ ಹಾಕ್ತೇನಿ!”

ರಹಿಮತಬಿಯ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅವಳೂ ಎದ್ದು ನಿಂತಳು. “ನಾ ಯಾಕ ಸುಳ್ಳ ಹೇಳಲಿ ತಮ್ಮಾ? ನೀವು ಪಂಪಿಂದು ಕೆಲಸಾ ಮಾಡೂಮುಂದ ಬರಂಗಿಲ್ಲ. ಟ್ರ್ಯಾಕ್ಟರಿಂದು ಮಾಡೂಮುಂದ ಬರಂಗಿಲ್ಲ. ಆ ಬ್ಯಾಡಗಿ ಹೆಣ್ಮಗಳು ಬಂದು ಹೋದ್ಳಂದ್ರ ಬರತೈತಿ. ಮೂರು ಸಲ ಆತು. ಹಿಂದಿನ ಎರಡೂ ಸಲ ನಾ ಮಶೀನ ಬಿಟ್ಟು ಹೊರಗ ಕುಂತೇನಿ. ಅಲ್ಲಾನ ಆಣಿ.”

ಬ್ಯಾಡಗಿ ಹೆಣ್ಣುಮಗಳು ಬಂದು ಹೋದರೆ. ಮೂರು ಸಲ.

ತಿರುಗಿ ನನ್ನ ಅಂಗಡಿಗೆ ಓಡಿದೆ. ಮೇಜಿನ ಮೇಲಿದ್ದ ಚಕ್ಕೆ ಎತ್ತಿ ಆ ಕೆಂಪು ಒಳಮೈಯನ್ನು ನಾಲಿಗೆಗೆ ಹಚ್ಚಿದೆ.

ಖಾರ! ತುಕ್ಕು ಎಲ್ಲಾದರೂ ಖಾರ ಇರುತ್ತದೆಯೇ?

ನನ್ನ ಹಣೆ ನಾನೇ ಬಡಿದುಕೊಂಡೆ. ಬೀಡುಕಬ್ಬಿಣ ನೋಡಲು ಗಟ್ಟಿ, ಒಳಗೆ ಮಾತ್ರ ಎಣ್ಣೆ ಕುಡಿಯುತ್ತದೆ. ತಿಂಗಳುಗಟ್ಟಲೆ ಖಾರದ ಎಣ್ಣೆ ಕುಡಿದ ಸ್ಲೀವು ಅದು. ನಾನು ಮೇಲೆ ಮೇಲೆ ತೊಳೆದಿದ್ದೆ, ಮರಳು ಬಡಿದು ಬೆಳ್ಳಗೆ ಮಾಡಿದ್ದೆ. ಹೊಡೆಯುವ ಮುಂಚೆ ಸ್ವಲ್ಪ ಬೆಚ್ಚಗೆ ಮಾಡುತ್ತೇವಲ್ಲ, ಆಗ ಒಳಗಿನ ಎಣ್ಣೆ ಬೆವರಿ ಮೇಲೆ ಬಂದಿದೆ. ಆ ಎಣ್ಣೆಯ ಮೇಲೆ ನಾನು ಲೋಹ ಹೊಡೆದಿದ್ದೇನೆ. ಮೇಜಿನ ಪರೀಕ್ಷೆಗೆ ನಾನು ಕತ್ತರಿಸಿದ್ದು ಹೊಸ ಬೀಡು, ಅದು ಎಂದೂ ಗಿರಣಿ ಕಂಡದ್ದಲ್ಲ. ಅದಕ್ಕೇ ಅಲ್ಲಿ ನಿಂತಿತು, ಇಲ್ಲಿ ಎದ್ದಿತು. ಘಾಟು ಮೂರು ಸಲ ಬಂದು ಬಾಗಿಲು ಬಡಿದು ಹೇಳಿತ್ತು. ಗದಿಗೆವ್ವನಿಗೂ ನನಗೂ ಬ್ಯಾಡಗಿ ಮೂಗು, ಗೊತ್ತಾಗಲಿಲ್ಲ. ಉಡಚಪ್ಪನ ಮೂಗಿನ ತುಂಬ ನಶ್ಯ. ಗೊತ್ತಾದ ಒಬ್ಬಳನ್ನು ನಾನು ತಗಡು ಹೊಡೆದು ಆಚೆ ಕೂಡಿಸಿದ್ದೆ.

ಪಾನಾ ತೆಗೆದುಕೊಂಡು ಹೋಗಿ ತಗಡಿನ ಬೋಲ್ಟು ಬಿಚ್ಚತೊಡಗಿದೆ. ರಹಿಮತಬಿ ಹೊರಗೆ ಬಂದು ನೋಡಿದಳು.

“ಅಕ್ಕಾ, ನಂದು ತಪ್ಪಾತು” ಅಂದೆ. ನನ್ನ ಬಾಯಿಂದ ಈ ಮಾತು ಸುಲಭಕ್ಕೆ ಬರುವುದಿಲ್ಲ, ನನ್ನ ಹೆಂಡತಿಯನ್ನು ಕೇಳಿ ಬೇಕಾದರೆ. “ಬಾಯಿಗೆ ಬಂದಂಗ ಅಂದೆ. ನಿಮ್ಮ ಮೂಗು ಖರೇ ಇತ್ತು, ನಂದ ಸತ್ತಿತ್ತು.”

“ತೋಬಾ, ತೋಬಾ. ಮೂಗಿಗೆ ಯಾಕ ಸಾಯೂ ಮಾತು?” ಅಂದಳು. ಆಮೇಲೆ, “ನೀವು ಅಂದದ್ದು ಮನಸಿಗೆ ಹತ್ತಿತ್ತು ತಮ್ಮಾ. ಹತ್ತಿಲ್ಲ ಅಂದ್ರ ಸುಳ್ಳಾಗತೈತಿ” ಅಂದಳು.

ನಾನು ತಲೆ ತಗ್ಗಿಸಿ ಬೋಲ್ಟು ಬಿಚ್ಚಿದೆ. ಕೊನೆಯ ಬೋಲ್ಟಿಗೆ ಬಂದಾಗ, “ನನಗ ನಿಮ್ಮ ಮೂಗಿನ ಕೆಲಸ ಐತಿ ಅಕ್ಕಾ” ಅಂದೆ. ಅವಳಿಗೆ ಅರ್ಥವಾಗಲಿಲ್ಲ. ವಿವರವಾಗಿ ಹೇಳಿದೆ. ಸ್ಲೀವನ್ನು ಜೋರಾಗಿ ಕಾಯಿಸುವುದು, ಬೆವರಿದ ಎಣ್ಣೆ ಒರೆಸುವುದು, ಮರಳು ಬಡಿಯುವುದು, ಮತ್ತೆ ಕಾಯಿಸುವುದು. ಘಾಟು ನಿಲ್ಲುವ ತನಕ ಇದೇ ಕೆಲಸ. ನಿಂತಿತೋ ಇಲ್ಲವೋ ಅಂತ ಹೇಳಲು ನಮ್ಮ ಅಂಗಡಿಯಲ್ಲಿ ಒಂದೂ ಬದುಕಿದ ಮೂಗಿಲ್ಲ.

ಅವಳು ನಕ್ಕಳು. “ಕೆಮ್ಮಾಕ ಕರೀತೀರಿ ಅಂತಾತು” ಅಂದಳು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಕೆಲಸ ಶುರು. ಗದಿಗೆವ್ವನಿಗೂ ಫೋನು ಮಾಡಿ, ಬಂದು ಕಣ್ಣಾರೆ ನೋಡು ಅಂದಿದ್ದೆ. ಅವಳೂ ಅಷ್ಟು ಹೊತ್ತಿಗೆ ಬಂದು ಕುರ್ಚಿಯಲ್ಲಿ ಕೂತಳು. ರಹಿಮತಬಿ ಸ್ಲೀವಿನಿಂದ ಮೂರು ಮಾರು ದೂರದಲ್ಲಿ ತನ್ನದೇ ಸ್ಟೂಲು ಹಾಕಿಕೊಂಡು, ಕೈಯಲ್ಲಿ ತಲೆದಿಂಬಿನ ಹೊಲಿಗೆ ಹಿಡಿದು ಕೂತಿದ್ದಳು.

ಮೊದಲ ಸಲ ಕಾಯಿಸಿದಾಗ ಅವಳು ಕೆಮ್ಮಿದ್ದು ರಸ್ತೆಯಾಚೆಯ ಚಹದ ಅಂಗಡಿಯವರೆಗೆ ಕೇಳಿತು. ಸ್ಲೀವಿನ ಮೈಮೇಲೆ ಕೆಂಗಂದು ಹನಿಗಳು ಮೂಡಿದವು. ಒರೆಸಿದ ಬಟ್ಟೆ ಕೆಂಪಾಯಿತು. ಗದಿಗೆವ್ವ ಆ ಬಟ್ಟೆ ಇಸಿದುಕೊಂಡು ನೋಡಿ, “ಅಯ್ಯ ಶಿವನ, ಇದು ನನ್ನ ಖಾರದ ಎಣ್ಣಿ!” ಅಂದಳು. ಎರಡನೆಯ ಸಲ, ಮೂರನೆಯ ಸಲ ಅದೇ ಕೆಮ್ಮು. ಪ್ರತಿ ಸಲಕ್ಕೂ ಒಂದು ತಾಸು ಬೇಕು. ನಾಲ್ಕನೆಯದಕ್ಕೆ ಬಟ್ಟೆಗೆ ಏನೂ ಹತ್ತಲಿಲ್ಲ, ಆದರೂ ರಹಿಮತಬಿ ಎರಡು ಸಲ ಸೀನಿದಳು. ಐದನೆಯದಕ್ಕೆ ಒಂದು ಸೀನು.

ಆರನೆಯ ಸಲ ಮುಗಿಯುವಾಗ ಮಧ್ಯಾಹ್ನ ಮೂರು ಗಂಟೆ. ಯಾರಿಗೂ ಊಟವಾಗಿರಲಿಲ್ಲ. ಸ್ಲೀವು ಒಯ್ಯಲು ಬಂದ ಟೆಂಪೋದವನು ಹೊರಗೆ ಹಾರ್ನು ಹೊಡೆಯುತ್ತಿದ್ದ. ಸ್ಲೀವು ಬೆಳ್ಳಗೆ, ಚೊಕ್ಕಟವಾಗಿ ಇತ್ತು. ಎಲ್ಲರೂ ರಹಿಮತಬಿಯ ಮುಖ ನೋಡಿದೆವು. ಅವಳು ಸೂಜಿ ನಿಲ್ಲಿಸಿ, ಉಸಿರೆಳೆದು, ತುಟಿ ಬಿಗಿ ಹಿಡಿದು ಸುಮ್ಮನೆ ಕೂತಳು. ಉಡಚಪ್ಪ, “ಹೋತು ನೋಡು! ಗನ್ನು ಹಚ್ಚು ಲಗೂನ” ಅಂದ.

ನಾನು ಗನ್ನಿಗೆ ಕೈ ಹಾಕಿದೆ. ಆಗ ಒಂದು ಸಣ್ಣ ಕೆಮ್ಮು ಕೇಳಿತು. ಗಂಟಲು ಸರಿಮಾಡಿಕೊಂಡಷ್ಟೇ ಸಣ್ಣದು. ತಿರುಗಿ ನೋಡಿದರೆ ರಹಿಮತಬಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು, ಕಣ್ಣು ತುಂಬಿತ್ತು.

“ಅದು ಬರೇ ಕೆಮ್ಮೋ” ಅಂದಳು ಗದಿಗೆವ್ವ. “ಮುಂಜಾನಿಂದ ಕೆಮ್ಮಿ ಕೆಮ್ಮಿ ಗಂಟಲಾ ಕೆರದೈತಿ ಪಾಪ. ಹೊಡಿ ನೀ, ನಂಗ ಹೊತ್ತಾಗತೈತಿ.”

ನಾನು ರಹಿಮತಬಿಯ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತೆ. “ಅಕ್ಕಾ, ಖರೇ ಹೇಳ್ರಿ. ಗಂಟಲದ್ದೋ, ಘಾಟಿಂದೋ?”

ಅವಳು ನೆಲ ನೋಡಿದಳು. “ಘಾಟಿಂದ ತಮ್ಮಾ. ನಿಮ್ಮ ಮಾರಿ ನೋಡಿ ತಡಕೊಂಡೆ. ಎಷ್ಟು ದಣದೀರಿ. ಬಾಳ ತಡಕೊಂಡೆ, ಆಗಲಿಲ್ಲ.”

ನನಗೆ ಅಳು ಬಂದಂತಾಯಿತು, ಅದರ ಜೊತೆಗೆ ಸಿಟ್ಟೂ ಬಂತು. “ತಡಕೋಬ್ಯಾಡ್ರಿ!” ಅಂತ ಚೀರಿದೆ. “ನನ್ನ ಮ್ಯಾಲ ಕರುಣಾ ಬ್ಯಾಡ. ನಿಮ್ಮ ಕೆಮ್ಮಿನ ಮ್ಯಾಲ ನಾ ನಿಂತೇನಿ, ನಿಮ್ಮ ಕೆಮ್ಮ ನನಗ ಬೇಕು!”

ಇಂಥ ಮಾತು ಪಿ.ಬಿ. ರಸ್ತೆಯಲ್ಲಿ ಯಾರೂ ಯಾರಿಗೂ ಹೇಳಿರಲಿಕ್ಕಿಲ್ಲ. ಮೊದಲು ನಕ್ಕವಳು ರಹಿಮತಬಿಯೇ.

ಟೆಂಪೋದವನಿಗೆ ಹೋಗು ಅಂದೆ. ಊಟ ಮಾಡಿ ಬನ್ನಿ ಅಂತ ಎಲ್ಲರನ್ನೂ ಕಳಿಸಿದೆ. ಗದಿಗೆವ್ವ ಗೊಣಗುತ್ತ ಖಾನಾವಳಿಗೆ ಹೋದಳು. ನಾನು ಏಳನೆಯ ಸಲ ಕಾಯಿಸಿದೆ. ಅವಸರ ಮಾಡಲಿಲ್ಲ. ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆ ಆಗದಂತೆ, ಬೆಂಕಿಯನ್ನು ಆ ತುದಿಯಿಂದ ಈ ತುದಿಗೆ ಆಡಿಸುತ್ತ, ಒಂದು ತಾಸು. ತಣಿಸಿ, ಮತ್ತೆ ಮರಳು ಬಡಿದು, ಮತ್ತೆ ಬೆಚ್ಚಗೆ ಮಾಡಿದೆ. ಅಷ್ಟರಲ್ಲಿ ಎಲ್ಲರೂ ಬಂದಿದ್ದರು. ರಹಿಮತಬಿ ಈ ಸಲ ಸ್ಟೂಲನ್ನು ಹತ್ತಿರ ಎಳೆದುಕೊಂಡಳು. ಸಾಲದೆಂದು ಎದ್ದು ಬಂದು ಸ್ಲೀವಿನ ಮೇಲೆ ಬಗ್ಗಿ ಉದ್ದಕ್ಕೆ ಉಸಿರೆಳೆದಳು. ಬಿಟ್ಟಳು. ಮತ್ತೆ ಎಳೆದಳು.

“ಕಬ್ಬಿಣದ ವಾಸನಿ” ಅಂದಳು. “ಬರೇ ಕಬ್ಬಿಣ.”

ಗನ್ನು ಹೊತ್ತಿಸಿದೆ. ತಂತಿ ಕರಗಿ ಕಿಡಿಯ ಪುಂಜ ಸ್ಲೀವಿಗೆ ಬಡಿಯಿತು. ಆ ಸದ್ದಿನಲ್ಲಿ ಯಾರ ಮಾತೂ ಕೇಳಲಿಲ್ಲ, ನನಗೆ ಬೇಕಾಗಿಯೂ ಇರಲಿಲ್ಲ.

ಜನವರಿಯಲ್ಲಿ ಸುಗ್ಗಿ ಶುರುವಾಯಿತು. ಹತ್ತನೆಯ ದಿನ ನಾನು ಫೋನಿನ ಪಕ್ಕವೇ ಕೂತಿದ್ದೆ, ಗದಿಗೆವ್ವನ ಕರೆ ಬರಲಿಲ್ಲ. ಒಂದು ತಿಂಗಳಾಯಿತು, ಬರಲಿಲ್ಲ. ನಾನಾಗಿ ಕೇಳಲು ಧೈರ್ಯವಾಗಲಿಲ್ಲ. ಅಣ್ಣ ಮತ್ತೆ ಕುರ್ಚಿಯ ಮಾತು ತೆಗೆದಾಗ, “ಏಪ್ರಿಲ್ ತನಕ ಬಾಯಿ ಮುಚ್ಚಕೊಂಡಿರು” ಅಂದೆ. ಪಾಪ, ಅವನು ಹಾಗೇ ಇದ್ದ.

ಏಪ್ರಿಲಿನಲ್ಲಿ ಗದಿಗೆವ್ವನ ಫೋನು ಬಂತು. “ಗಿರಣಿ ಬಿಚ್ಚಸಾಕತ್ತೇನಿ, ಬಾ” ಅಂದಳು. ಅಷ್ಟೇ. ಹೇಗಿದೆ ಅಂತ ಕೇಳುವಷ್ಟರಲ್ಲಿ ಇಟ್ಟುಬಿಟ್ಟಳು.

ಸಿಕ್ಕ ಮೊದಲ ಬಸ್ಸು ಹತ್ತಿದೆ. ಗಿರಣಿಗೆ ಹೋದರೆ ಅಲ್ಲಿ ಏಳೆಂಟು ಜನ ನಿಂತಿದ್ದರು. ಎಲ್ಲ ಬೇರೆ ಬೇರೆ ಗಿರಣಿಯ ಮಾಲೀಕರು, ಗದಿಗೆವ್ವ ಕರೆಸಿದ್ದಳು. ಬಿಚ್ಚಿದ ಸ್ಲೀವುಗಳನ್ನು ಗೋಣಿಚೀಲದ ಮೇಲೆ ಇಟ್ಟಿದ್ದರು. ಮೇಲಿನ ಖಾರದ ಗಸಿಯನ್ನು ಅವಳೇ ಬಟ್ಟೆಯಿಂದ ಒರೆಸಿದಳು. ಕೆಳಗೆ ನನ್ನ ಲೋಹ ಇತ್ತು. ಒಂದು ಚಕ್ಕೆಯೂ ಎದ್ದಿರಲಿಲ್ಲ. ನೂರು ದಿನದ ತಿಕ್ಕಾಟಕ್ಕೆ ಕನ್ನಡಿಯಂತೆ ಹೊಳಪಾಗಿತ್ತು. ಮೈಕ್ರೋಮೀಟರು ಹಿಡಿದೆ. ಸವೆದದ್ದು ಒಂದು ಕೂದಲಿನ ದಪ್ಪಕ್ಕಿಂತ ಕಡಿಮೆ.

ಗದಿಗೆವ್ವ ಬೆರಳಿನಿಂದ ಅದನ್ನು ಸವರಿದಳು. ಉಗುರಿನಿಂದ ಕೆರೆದಳು. ಮತ್ತೆ ಕೆರೆದಳು. ಆಮೇಲೆ ಆ ಏಳೆಂಟು ಜನರ ಕಡೆ ತಿರುಗಿ, “ನಾ ಇದಕ್ಕ ಬಣ್ಣ ಅಂದಿದ್ದೆ” ಅಂದಳು. “ಬಣ್ಣ ಅಲ್ಲ.”

ಯಾರೋ ಒಬ್ಬರು, “ಮತ್ತ ಇದಕ್ಕ ಏನಂತಾರೋ ಶಂಭುಲಿಂಗಾ?” ಅಂದರು.

ಈ ಪ್ರಶ್ನೆಗೆ ನನ್ನ ಹತ್ತಿರ ಅರ್ಧ ತಾಸಿನ ಉತ್ತರವಿದೆ. ಕೇಳಲಿ, ಕೇಳದಿರಲಿ, ಎರಡು ವರ್ಷದಿಂದ ಕಂಡಕಂಡವರಿಗೆ ಹೇಳಿದ್ದೇನೆ. ಅವತ್ತು ಬಾಯಿ ತೆರೆದರೆ ಮಾತು ಹೊರಡಲಿಲ್ಲ. ಕಣ್ಣಿಂದ ನೀರು ಇಳಿದೇಬಿಟ್ಟಿತು, ಅದೂ ಅಷ್ಟು ಜನರೆದುರಿಗೆ.

ಗದಿಗೆವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಎತ್ತಿ ಆಡಿಸಿದವಳು, ಅವಳಿಗೆ ತಿಳಿಯದ್ದೇನಿದೆ.

“ಯಾಕೋ, ಘಾಟು ಹತ್ತಿತೇನು?” ಅಂದಳು.

“ಹೂಂ ಅತ್ತಿ” ಅಂದೆ. “ಘಾಟು.”